ದೂರ ಎಷ್ಟು, ಹೊತ್ತು ಎಷ್ಟು: ಎರಡು ನಗರಗಳ ನಡುವಿನ ಪ್ರಯಾಣಕ್ಕೆ ಯಾವ ದಾರಿ ಸರಿ?

ಎರಡು ನಗರಗಳ ಹೆಸರು ಹಾಕಿ ಹುಡುಕಿದರೆ ಸಾಕು, ಎರಡು ಅಂಕಿಗಳು ಕಣ್ಣ ಮುಂದೆ ಬರುತ್ತವೆ. ಇಷ್ಟು ಕಿಲೋಮೀಟರ್, ಇಷ್ಟು ಗಂಟೆ. ಎಷ್ಟೋ ಜನ ಅಷ್ಟನ್ನೇ ನೋಡಿ ಟಿಕೆಟ್ ತೆಗೆದುಬಿಡುತ್ತಾರೆ. ಆದರೆ ಆ ದೂರ ನೀವು ಕ್ರಮಿಸುವ ದೂರ ಆಗಿರುವುದು ಅಪರೂಪ. ಆ ಗಂಟೆಯೂ ನೀವು ದಾರಿಯಲ್ಲಿ ಕಳೆಯುವ ಒಟ್ಟು ಹೊತ್ತಲ್ಲ.

ಆಯ್ಕೆ ಮಾಡುವಾಗ ಹೋಲಿಸಬೇಕಾದ ಲೆಕ್ಕ ಒಂದೇ: ಹೊರಡುವ ಮನೆಯ ಬಾಗಿಲಿನಿಂದ ತಲುಪುವ ಮನೆಯ ಬಾಗಿಲಿಗೆ ಎಷ್ಟು ಹೊತ್ತು. ವಿಮಾನವೋ ರೈಲೋ, ನೇರ ವಿಮಾನವೋ ನಡುವೆ ಬದಲಿಸುವ ವಿಮಾನವೋ, ಹಗಲೋ ರಾತ್ರಿಯೋ, ಎಲ್ಲಾ ಪ್ರಶ್ನೆಗೂ ಉತ್ತರ ಈ ಲೆಕ್ಕದಲ್ಲೇ ಸಿಗುತ್ತದೆ. ಈ ಲೆಕ್ಕ ಹಾಕುವುದು ಕಷ್ಟವೇನಲ್ಲ. ಅದಕ್ಕೂ ಮುಂಚೆ ಪರದೆಯ ಮೇಲಿನ ಅಂಕಿಗಳು ಎಲ್ಲಿಂದ ಬಂದವು ಅಂತ ತಿಳಿದಿರಬೇಕು.

ದೂರದಲ್ಲಿ ಮೂರು ಬಗೆ

ಮೊದಲನೆಯದು ನೇರ ದೂರ. ಭೂಮಿಯ ಮೇಲ್ಮೈ ಮೇಲೆ ಎರಡು ಬಿಂದುಗಳ ನಡುವಿನ ಅತಿ ಹತ್ತಿರದ ದಾರಿ ಇದು. ಇದಕ್ಕೆ ಗ್ರೇಟ್ ಸರ್ಕಲ್ ದೂರ ಅನ್ನುತ್ತಾರೆ. ಹುಡುಕಿದಾಗ ಸಿಗುವ 'ವಿಮಾನ ದೂರ' ಸಾಮಾನ್ಯವಾಗಿ ಇದೇ. ಎರಡನೆಯದು ರಸ್ತೆ ಅಥವಾ ರೈಲಿನ ದೂರ. ಬೆಟ್ಟ, ನದಿ, ನಡುವಿನ ಊರುಗಳನ್ನೆಲ್ಲ ಸುತ್ತಿ ಹೋಗುವುದರಿಂದ ಇದು ನೇರ ದೂರಕ್ಕಿಂತ ಯಾವಾಗಲೂ ಜಾಸ್ತಿ. ಮ್ಯಾಡ್ರಿಡ್‌ನಿಂದ ಬಾರ್ಸಿಲೋನಾಗೆ ಆಕಾಶದಲ್ಲಿ 480 ಕಿ.ಮೀ. ಚಿಲ್ಲರೆ, ಹೈಸ್ಪೀಡ್ ರೈಲಿನ ಹಳಿಯ ಮೇಲೆ ಸುಮಾರು 620 ಕಿ.ಮೀ. ಮೂರನೆಯದು ವಿಮಾನ ಆವತ್ತು ನಿಜವಾಗಿ ಹಾರಿದ ದೂರ. ಇದು ದಿನ ದಿನಕ್ಕೂ ಬದಲಾಗುತ್ತದೆ.

ಗೋಡೆಗೆ ತೂಗುಹಾಕುವ ಸಪಾಟು ನಕಾಶೆ ಇಲ್ಲಿ ಚೆನ್ನಾಗಿ ದಾರಿ ತಪ್ಪಿಸುತ್ತದೆ. ಟೋಕಿಯೊ ಮತ್ತು ನ್ಯೂಯಾರ್ಕ್ ನಡುವೆ ಆ ನಕಾಶೆಯಲ್ಲಿ ಸ್ಕೇಲು ಇಟ್ಟು ಗೆರೆ ಎಳೆದರೆ ಪೆಸಿಫಿಕ್ ಸಾಗರದ ನಡುವೆ ಹೋಗುತ್ತದೆ. ನಿಜವಾದ ಹತ್ತಿರದ ದಾರಿ ಅಲಾಸ್ಕಾದ ಕಡೆಯಿಂದ ಬಾಗಿ ಹೋಗುತ್ತದೆ. ದುಬೈಯಿಂದ ಲಾಸ್ ಏಂಜಲೀಸ್‌ಗೆ ಹೊರಟ ವಿಮಾನ ಉತ್ತರ ಧ್ರುವದ ಕಡೆ ತಿರುಗಿದರೆ ಗಾಬರಿ ಬೇಡ, ಅದು ಅಡ್ಡದಾರಿ ಹಿಡಿದಿಲ್ಲ. ಒಂದು ಗೋಳ ತೆಗೆದುಕೊಂಡು ಎರಡು ಊರುಗಳ ನಡುವೆ ದಾರ ಬಿಗಿಯಾಗಿ ಎಳೆದು ನೋಡಿ, ತಕ್ಷಣ ಗೊತ್ತಾಗುತ್ತದೆ.

ಹಾಗಂತ ವಿಮಾನಗಳು ಯಾವಾಗಲೂ ಆ ದಾರದ ಗೆರೆ ಮೇಲೇ ಹಾರುವುದಿಲ್ಲ. ಗುಡುಗು ಮೋಡ ಇದ್ದರೆ ಸುತ್ತುತ್ತವೆ. ಟಿಬೆಟ್ ಪ್ರಸ್ಥಭೂಮಿಯಂಥ ಎತ್ತರದ ಜಾಗದ ಮೇಲೆ ಹೋಗಲು ಹಿಂಜರಿಯುತ್ತವೆ. ಕ್ಯಾಬಿನ್ನಿನ ಗಾಳಿಯ ಒತ್ತಡ ಕಡಿಮೆಯಾದರೆ ತಕ್ಷಣ ಕೆಳಕ್ಕೆ ಇಳಿಯಬೇಕು, ಅಲ್ಲಿ ಇಳಿಯಲು ಬೆಟ್ಟ ಬಿಡುವುದಿಲ್ಲ. ಇನ್ನು ದೇಶಗಳು ತಮ್ಮ ವಾಯುಪ್ರದೇಶ ಮುಚ್ಚಿದರಂತೂ ಲೆಕ್ಕವೇ ತಲೆಕೆಳಗಾಗುತ್ತದೆ. ಹೆಲ್ಸಿಂಕಿ–ಟೋಕಿಯೊ ಇದಕ್ಕೆ ಒಳ್ಳೆಯ ಉದಾಹರಣೆ. ನೇರ ದೂರ ಸುಮಾರು 7,800 ಕಿ.ಮೀ. ಮುಂಚೆ ರಷ್ಯಾದ ಮೇಲೆ ಹಾರಿ ಒಂಬತ್ತೂವರೆ ಗಂಟೆಯಲ್ಲಿ ತಲುಪುತ್ತಿದ್ದರು. 2022ರ ಫೆಬ್ರವರಿ ಕೊನೆಯಲ್ಲಿ ರಷ್ಯಾ ಯುರೋಪಿನ ವಿಮಾನ ಸಂಸ್ಥೆಗಳಿಗೆ ತನ್ನ ಆಕಾಶ ಮುಚ್ಚಿತು. ಆಮೇಲೆ ಅದೇ ಪ್ರಯಾಣಕ್ಕೆ ಸುಮಾರು 13 ಗಂಟೆ ಹಿಡಿಯತೊಡಗಿತು. ದೂರದ ಅಂಕಿ ಮಾತ್ರ ಈಗಲೂ 7,800 ಅಂತಲೇ ತೋರಿಸುತ್ತದೆ.

ಅದಕ್ಕೇ ಹೇಳುವುದು, ದೂರದ ಅಂಕಿಯನ್ನು ಒಂದು ಅಂದಾಜಿಗೆ ಮಾತ್ರ ಇಟ್ಟುಕೊಳ್ಳಿ.

ಆ ಗಂಟೆಗಳಲ್ಲಿ ಏನೇನು ಸೇರಿದೆ?

ಟಿಕೆಟ್ ಮೇಲೆ 1 ಗಂಟೆ 20 ನಿಮಿಷ ಅಂತ ಇದೆ ಅಂದುಕೊಳ್ಳಿ. ವಿಮಾನ ಗೇಟಿನಿಂದ ಹಿಂದಕ್ಕೆ ಸರಿದ ಕ್ಷಣ ಈ ಲೆಕ್ಕ ಶುರುವಾಗುತ್ತದೆ. ಅದನ್ನು ತಳ್ಳುವ ಟ್ರ್ಯಾಕ್ಟರು ಬಿಟ್ಟುಕೊಳ್ಳುತ್ತದೆ, ಎಂಜಿನ್ ಶುರುವಾಗುತ್ತದೆ, ರನ್‌ವೇ ಕಡೆಗೆ ನಿಧಾನಕ್ಕೆ ಸಾಗುತ್ತದೆ. ಮುಂದೆ ನಾಲ್ಕೈದು ವಿಮಾನ ಸಾಲು ನಿಂತಿದ್ದರೆ ಅದರ ಹಿಂದೆ ಕಾಯುತ್ತದೆ. ಆಮೇಲೆ ಟೇಕಾಫ್. ಗಾಳಿಯಲ್ಲಿ ಇರುವುದು ಐವತ್ತೋ ಐವತ್ತೈದೋ ನಿಮಿಷ. ಇಳಿದ ಮೇಲೆ ಮತ್ತೆ ಗೇಟಿನ ತನಕ ಓಡಾಟ. ಚಕ್ರ ನಿಂತು ಬ್ರೇಕು ಹಾಕಿದಾಗ ಲೆಕ್ಕ ಮುಗಿಯುತ್ತದೆ. ಇದನ್ನು ವಿಮಾನಯಾನದವರು ಬ್ಲಾಕ್ ಟೈಮ್ ಅನ್ನುತ್ತಾರೆ.

ಇದರೊಳಗೆ ಸಂಸ್ಥೆಗಳು ಸ್ವಲ್ಪ ಹೆಚ್ಚುವರಿ ಹೊತ್ತನ್ನೂ ಸೇರಿಸಿಡುತ್ತವೆ. ರನ್‌ವೇ ಸಾಲು ಉದ್ದವಾದರೂ ಸಮಯಕ್ಕೆ ತಲುಪಿದ ಲೆಕ್ಕ ಸಿಗಬೇಕಲ್ಲ. ಆದ್ದರಿಂದ ಒಂದೇ ದಾರಿಯಲ್ಲಿ ಒಂದು ಸಂಸ್ಥೆ 2 ಗಂಟೆ, ಇನ್ನೊಂದು 2 ಗಂಟೆ 15 ನಿಮಿಷ ಅಂತ ತೋರಿಸಿದರೆ ಮೊದಲನೆಯದು ವೇಗ ಅಂತ ನಂಬಬೇಡಿ. ವಿಮಾನ ಒಂದೇ ಬಗೆಯದಾದರೆ ಹಾರುವ ಹೊತ್ತು ಹೆಚ್ಚುಕಡಿಮೆ ಒಂದೇ.

ಅಂದಾಜು ಹಾಕಲು ಒಂದು ಸುಲಭ ಸೂತ್ರ ಇದೆ. ದೂರವನ್ನು 850ರಿಂದ ಭಾಗಿಸಿ, ಬಂದ ಗಂಟೆಗೆ ಅರ್ಧ ಗಂಟೆ ಸೇರಿಸಿ. ಜೆಟ್ ವಿಮಾನಗಳು ಎತ್ತರದಲ್ಲಿ ಸುಮಾರು 830ರಿಂದ 900 ಕಿ.ಮೀ. ವೇಗದಲ್ಲಿ ಹಾರುತ್ತವೆ. ಹತ್ತುವುದು, ಇಳಿಯುವುದು, ನೆಲದ ಮೇಲೆ ಓಡುವುದಕ್ಕೆ ಆ ಅರ್ಧ ಗಂಟೆ. ಲಂಡನ್–ನ್ಯೂಯಾರ್ಕ್ 5,540 ಕಿ.ಮೀ., ಸೂತ್ರದ ಪ್ರಕಾರ 7 ಗಂಟೆ. ಸಿಂಗಪುರ–ನ್ಯೂಯಾರ್ಕ್ ಸುಮಾರು 15,350 ಕಿ.ಮೀ., ಸೂತ್ರ ಹೇಳುವುದು ಹದಿನೆಂಟೂವರೆ ಗಂಟೆ. ಎರಡೂ ನಿಜಕ್ಕೆ ತೀರಾ ಹತ್ತಿರ. ಬಹಳ ಗಿಜಿಗುಡುವ ನಿಲ್ದಾಣಗಳ ನಡುವಿನ ಸಣ್ಣ ಹಾರಾಟಕ್ಕೆ ಇನ್ನೊಂದು ಕಾಲು ಗಂಟೆ ಸೇರಿಸಿಕೊಳ್ಳಿ. ತೀರಾ ಸಣ್ಣ ದೂರಕ್ಕೆ ಸೂತ್ರ ನಡೆಯುವುದಿಲ್ಲ: ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಗಳಲ್ಲಿ ವೆಸ್ಟ್ರೇಯಿಂದ ಪಾಪಾ ವೆಸ್ಟ್ರೇಗೆ 2.7 ಕಿ.ಮೀ., ವೇಳಾಪಟ್ಟಿಯಲ್ಲಿ ಬರೀ 2 ನಿಮಿಷ. ಜಗತ್ತಿನ ಅತಿ ಚಿಕ್ಕ ನಿಗದಿತ ವಿಮಾನ ಪ್ರಯಾಣ ಅದು.

ರೆಕ್ಕೆಯ ಮೇಲೆ ಪ್ರೊಪೆಲ್ಲರ್ ತಿರುಗುವ ಎಟಿಆರ್ ಥರದ ವಿಮಾನಗಳು ಗಂಟೆಗೆ ಸುಮಾರು 500 ಕಿ.ಮೀ. ಹಾರುತ್ತವೆ. ಬಹಳ ಜನ ಅದನ್ನು ನೋಡಿ 'ಅಯ್ಯೋ ನಿಧಾನ' ಅಂತ ಬಿಟ್ಟುಬಿಡುತ್ತಾರೆ. 400 ಕಿ.ಮೀ. ದೂರಕ್ಕೆ ಲೆಕ್ಕ ಹಾಕಿ ನೋಡಿ, ಜೆಟ್‌ಗೂ ಇದಕ್ಕೂ ಇರುವ ವ್ಯತ್ಯಾಸ ಇಪ್ಪತ್ತು ನಿಮಿಷ. ಅಷ್ಟಕ್ಕಾಗಿ ಅನುಕೂಲದ ಹೊತ್ತಿನ ವಿಮಾನ ಕೈಬಿಡುವುದು ಬೇಡ. 1,000 ಕಿ.ಮೀ. ದಾಟಿದರೆ ಮಾತ್ರ ಜೆಟ್ ಹುಡುಕಿ.

ಹೋಗುವಾಗ ಒಂದು, ಬರುವಾಗ ಇನ್ನೊಂದು

ಭೂಮಿಯಿಂದ ಸುಮಾರು 10 ಕಿ.ಮೀ. ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಬಲವಾದ ಗಾಳಿಯ ಹೊಳೆಗಳಿವೆ. ಇವೇ ಜೆಟ್ ಸ್ಟ್ರೀಮ್. ಚಳಿಗಾಲದಲ್ಲಿ ಇವುಗಳ ಬಲ ಜಾಸ್ತಿ. ಗಂಟೆಗೆ 200 ಕಿ.ಮೀ. ದಾಟುವುದು ಸಾಮಾನ್ಯ. ಪೂರ್ವಕ್ಕೆ ಹೋಗುವ ವಿಮಾನಕ್ಕೆ ಇದು ಬೆನ್ನಿಗೆ ಬೀಳುವ ಗಾಳಿ, ಪಶ್ಚಿಮಕ್ಕೆ ಹೋಗುವುದಕ್ಕೆ ಎದುರುಗಾಳಿ.

ಆದ್ದರಿಂದ ನ್ಯೂಯಾರ್ಕ್‌ನಿಂದ ಲಂಡನ್‌ಗೆ ಆರೂವರೆ, ಏಳು ಗಂಟೆ ಸಾಕಾದರೆ ವಾಪಸ್ ಬರಲು ಏಳೂವರೆ, ಎಂಟು ಗಂಟೆ ಬೇಕು. 2020ರ ಫೆಬ್ರವರಿಯಲ್ಲಿ ಸಿಯಾರಾ ಬಿರುಗಾಳಿಯ ಹೊತ್ತಿನಲ್ಲಿ ಬ್ರಿಟಿಷ್ ಏರ್‌ವೇಸ್‌ನ ಒಂದು ಬೋಯಿಂಗ್ 747 ನ್ಯೂಯಾರ್ಕ್‌ನಿಂದ ಲಂಡನ್‌ಗೆ 4 ಗಂಟೆ 56 ನಿಮಿಷದಲ್ಲಿ ಬಂದಿತ್ತು. ಶಬ್ದಕ್ಕಿಂತ ವೇಗವಾಗಿ ಹಾರುತ್ತಿದ್ದ ಕಾಂಕಾರ್ಡ್ ಬಿಟ್ಟರೆ ಅದು ಆಗಿನ ದಾಖಲೆ. ಗಾಳಿಯ ಲಾಭ ಇನ್ನೊಂದು ರೀತಿಯಲ್ಲೂ ಸಿಗುತ್ತದೆ. 2016ರಲ್ಲಿ ಏರ್ ಇಂಡಿಯಾ ತನ್ನ ದಿಲ್ಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನವನ್ನು ಅಟ್ಲಾಂಟಿಕ್ ಕಡೆಯಿಂದ ಪೆಸಿಫಿಕ್ ಕಡೆಗೆ ತಿರುಗಿಸಿತು. ದಾರಿ ಸುಮಾರು 1,400 ಕಿ.ಮೀ. ಉದ್ದವಾಯಿತು. ಗಾಳಿ ಬೆನ್ನಿಗಿದ್ದುದರಿಂದ ತಲುಪುವ ಹೊತ್ತು ಮಾತ್ರ ಕಡಿಮೆಯಾಯಿತು.

ನಿಮ್ಮ ಆಯ್ಕೆಗೆ ಇದರಿಂದ ಏನು ಉಪಯೋಗ? ಪೂರ್ವಕ್ಕೆ ಹೋಗುವ ಆರೇಳು ಗಂಟೆಯ ರಾತ್ರಿ ವಿಮಾನ ನನಗೆ ಎಂದೂ ಒಳ್ಳೆಯ ಆಯ್ಕೆ ಅನ್ನಿಸಿಲ್ಲ. ಹತ್ತಿ, ಊಟ ಮುಗಿದು, ದೀಪ ಆರುವಷ್ಟರಲ್ಲಿ ಎರಡು ಗಂಟೆ ಹೋಯಿತು. ಇಳಿಯುವ ಒಂದು ಗಂಟೆ ಮುಂಚೆ ಎಬ್ಬಿಸುತ್ತಾರೆ. ನಿದ್ದೆಗೆ ಉಳಿಯುವುದು ಮೂರು ನಾಲ್ಕು ಗಂಟೆ. ಆಮೇಲೆ ಅಲ್ಲಿ ಬೆಳಗ್ಗೆ, ಇಡೀ ದಿನ ತೂಕಡಿಕೆ. ಅದೇ ದಾರಿಯಲ್ಲಿ ಹಗಲು ವಿಮಾನ ಇದ್ದರೆ ಅದನ್ನೇ ಹಿಡಿಯಿರಿ. ನ್ಯೂಯಾರ್ಕ್‌ನಿಂದ ಬೆಳಗ್ಗೆ ಎಂಟರ ಸುಮಾರಿಗೆ ಹೊರಡುವ ವಿಮಾನ ಲಂಡನ್‌ಗೆ ರಾತ್ರಿ ಎಂಟರ ಸುಮಾರಿಗೆ ತಲುಪುತ್ತದೆ. ಒಂದು ಹಗಲು ಹೋಗುತ್ತದೆ, ನಿಜ. ಆದರೆ ರಾತ್ರಿ ಹಾಸಿಗೆಯಲ್ಲಿ ಮಲಗಿ ಮರುದಿನ ಪೂರ್ತಿ ಕೈಗೆ ಸಿಗುತ್ತದೆ. ಹನ್ನೆರಡು ಗಂಟೆ ಮೀರಿದ ಪ್ರಯಾಣಕ್ಕೆ ಮಾತ್ರ ರಾತ್ರಿ ವಿಮಾನವೇ ವಾಸಿ, ಅಲ್ಲಿ ನಿದ್ದೆಗೆ ಜಾಗ ಇದೆ.

ಗಡಿಯಾರದ ಗೊಂದಲ

ಟಿಕೆಟ್ ಮೇಲಿನ ಹೊರಡುವ ಹೊತ್ತು ಹೊರಡುವ ಊರಿನದು, ತಲುಪುವ ಹೊತ್ತು ತಲುಪುವ ಊರಿನದು. ಎರಡನ್ನೂ ಸುಮ್ನೆ ಕಳೆದರೆ ತಪ್ಪು ಉತ್ತರ ಬರುತ್ತದೆ. ಚಳಿಗಾಲದಲ್ಲಿ ಟೋಕಿಯೊ ಲಾಸ್ ಏಂಜಲೀಸ್‌ಗಿಂತ 17 ಗಂಟೆ ಮುಂದೆ. ಟೋಕಿಯೊದಿಂದ ಸಂಜೆ 5ಕ್ಕೆ ಹೊರಟು ಹತ್ತು ಗಂಟೆ ಹಾರಿದರೆ ಲಾಸ್ ಏಂಜಲೀಸ್‌ನಲ್ಲಿ ಅದೇ ದಿನ ಬೆಳಗ್ಗೆ 10. ವಾಪಸ್ ಬರುವಾಗ ಮಧ್ಯಾಹ್ನ 12ಕ್ಕೆ ಹೊರಟು ಹನ್ನೆರಡು ಗಂಟೆ ಹಾರಿದರೆ ತಲುಪುವುದು ಮರುದಿನ ಸಂಜೆ 5ಕ್ಕೆ. ಇಂಥ ಕಡೆ ಎರಡೂ ಹೊತ್ತನ್ನು ಜಾಗತಿಕ ಸಮಯಕ್ಕೆ, ಅಂದರೆ ಯುಟಿಸಿಗೆ, ಬದಲಿಸಿಕೊಂಡು ಕಳೆಯಿರಿ.

ತಾರೀಕನ್ನೂ ನೋಡಿಕೊಳ್ಳಿ. ಪೆಸಿಫಿಕ್‌ನಲ್ಲಿ ಸಮೋವಾದ ಅಪಿಯಾ ಮತ್ತು ಅಮೆರಿಕನ್ ಸಮೋವಾದ ಪಾಗೊ ಪಾಗೊ ನಡುವೆ ಹಾರಾಟ ಅರ್ಧ ಗಂಟೆಯ ಆಸುಪಾಸು. ಎರಡೂ ಕಡೆ ಗಡಿಯಾರದ ಮುಳ್ಳು ಒಂದೇ ಜಾಗದಲ್ಲಿರುತ್ತದೆ, ತಾರೀಕಿನಲ್ಲಿ ಮಾತ್ರ ಒಂದು ಇಡೀ ದಿನದ ವ್ಯತ್ಯಾಸ. 2011ರಲ್ಲಿ ಸಮೋವಾ ಡಿಸೆಂಬರ್ 30ನ್ನು ಬಿಟ್ಟು ನೇರ 31ಕ್ಕೆ ಹಾರಿತು, ಅಲ್ಲಿಂದ ಹೀಗಾಯಿತು. ಅಪಿಯಾದಿಂದ ಶನಿವಾರ ಹೊರಟವರು ಶುಕ್ರವಾರ ಇಳಿಯುತ್ತಾರೆ. ಹೋಟೆಲ್ ಬುಕ್ ಮಾಡುವಾಗ ಇಂಥದ್ದೇ ಕೈಕೊಡುವುದು.

ವಿಮಾನವೋ, ರೈಲೋ?

ಇಲ್ಲಿ ಬಾಗಿಲಿನಿಂದ ಬಾಗಿಲಿಗೆ ಲೆಕ್ಕ ಹಾಕಿದರೆ ಎಷ್ಟೋ ನಂಬಿಕೆಗಳು ಅಲುಗಾಡುತ್ತವೆ. ಮ್ಯಾಡ್ರಿಡ್–ಬಾರ್ಸಿಲೋನಾವನ್ನೇ ತೆಗೆದುಕೊಳ್ಳೋಣ. ವಿಮಾನದ ಬ್ಲಾಕ್ ಟೈಮ್ ಸುಮಾರು 80 ನಿಮಿಷ. ಹೈಸ್ಪೀಡ್ ರೈಲಿಗೆ ಎರಡೂವರೆ ಗಂಟೆ, ಅಂದರೆ 150 ನಿಮಿಷ. ಮೇಲ್ನೋಟಕ್ಕೆ ವಿಮಾನಕ್ಕೆ ಅರ್ಧ ಹೊತ್ತು ಸಾಕು.

ಈಗ ಪೂರ್ತಿ ಲೆಕ್ಕ. ಊರೊಳಗಿನಿಂದ ವಿಮಾನ ನಿಲ್ದಾಣಕ್ಕೆ 40 ನಿಮಿಷ. ಹೊರಡುವ 90 ನಿಮಿಷ ಮುಂಚೆ ಅಲ್ಲಿರಬೇಕು. ಪ್ರಯಾಣ 80. ಇಳಿದು, ಲಗೇಜು ತೆಗೆದುಕೊಂಡು ಹೊರಬರಲು 30. ಮತ್ತೆ ಊರೊಳಕ್ಕೆ 40. ಒಟ್ಟು 280 ನಿಮಿಷ, ಅಂದರೆ 4 ಗಂಟೆ 40 ನಿಮಿಷ. ರೈಲಿಗೆ ಹೀಗೆ: ಸ್ಟೇಷನ್ ಊರೊಳಗೇ ಇರುವುದರಿಂದ 20 ನಿಮಿಷ, ಲಗೇಜು ತಪಾಸಣೆ ಇರುವುದರಿಂದ ಅರ್ಧ ಗಂಟೆ ಮುಂಚೆ, ಪ್ರಯಾಣ 150, ಹೊರಬರಲು 10, ಮನೆಗೆ 20. ಒಟ್ಟು 230 ನಿಮಿಷ, 3 ಗಂಟೆ 50 ನಿಮಿಷ. ರೈಲು ಐವತ್ತು ನಿಮಿಷ ಮುಂದೆ. ಅದೂ ಅಲ್ಲದೆ ರೈಲಿನ ಆ ಎರಡೂವರೆ ಗಂಟೆ ಒಂದೇ ಕಡೆ ಕೂತಿರುವ ಹೊತ್ತು. ಓದಬಹುದು, ಕೆಲಸ ಮಾಡಬಹುದು. ವಿಮಾನದ ನಾಲ್ಕು ಮುಕ್ಕಾಲು ಗಂಟೆ ಸಾಲು, ಬೆಲ್ಟು, ಬೂಟು ಅಂತ ತುಂಡುತುಂಡಾಗಿ ಹೋಗುತ್ತದೆ.

ದೂರ ಹೆಚ್ಚಿದಂತೆ ತಕ್ಕಡಿ ವಿಮಾನದ ಕಡೆ ವಾಲುತ್ತದೆ. ಬೀಜಿಂಗ್–ಶಾಂಘೈ ಹಳಿಯ ಮೇಲೆ 1,318 ಕಿ.ಮೀ. 2011ರ ಜೂನ್ 30ರಂದು ಶುರುವಾದ ಈ ಹೈಸ್ಪೀಡ್ ದಾರಿಯಲ್ಲಿ ವೇಗದ ರೈಲುಗಳು ನಾಲ್ಕೂವರೆ ಗಂಟೆಯೊಳಗೆ ಮುಟ್ಟಿಸುತ್ತವೆ. ವಿಮಾನಕ್ಕೆ ಎರಡು ಕಾಲು ಗಂಟೆ. ಮೇಲಿನ ಹಾಗೇ ಕೂಡಿಸಿ ನೋಡಿದರೆ ವಿಮಾನಕ್ಕೆ ಸುಮಾರು 5 ಗಂಟೆ 35 ನಿಮಿಷ, ರೈಲಿಗೆ ಸುಮಾರು 5 ಗಂಟೆ 50 ನಿಮಿಷ ಬರುತ್ತದೆ. ಹೆಚ್ಚುಕಡಿಮೆ ಸರಿಸಮ. ಇಲ್ಲಿ ನಾನು ರೈಲನ್ನೇ ಆರಿಸುತ್ತೇನೆ. ಕಾಲು ಗಂಟೆ ಹೆಚ್ಚಾದರೂ ತಡವಾಗುವ ಭಯ ಕಡಿಮೆ.

ಬರೀ ಕಿಲೋಮೀಟರ್ ನೋಡಿ 'ಇಷ್ಟರ ಒಳಗೆ ರೈಲು, ಇಷ್ಟು ದಾಟಿದರೆ ವಿಮಾನ' ಅಂತ ಗೆರೆ ಹಾಕುವವರು ಬಹಳ. ಅದು ಸಾಲದು. ವಿಮಾನ ನಿಲ್ದಾಣ ಊರಿಗೆ ಎಷ್ಟು ಹತ್ತಿರ ಅನ್ನುವುದು ಅಷ್ಟೇ ಮುಖ್ಯ. ಜಪಾನಿನಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಟೋಕಿಯೊ–ಒಸಾಕಾ ನಡುವೆ 1964ರ ಅಕ್ಟೋಬರ್ 1ರಿಂದ ಶಿಂಕಾನ್ಸೆನ್ ಅನ್ನುವ ಬುಲೆಟ್ ರೈಲು ಓಡುತ್ತಿದೆ. 515 ಕಿ.ಮೀ., ಸುಮಾರು ಎರಡೂವರೆ ಗಂಟೆ, ಕೆಲವೇ ನಿಮಿಷಕ್ಕೊಂದು ರೈಲು. ಇಲ್ಲಿ ಯೋಚನೆಯೇ ಬೇಡ, ರೈಲು. ಅದೇ ಹಳಿ ಮುಂದುವರಿದು ಫುಕುವೋಕಾದ ಹಕಾತಾ ಸ್ಟೇಷನ್‌ಗೆ ಹೋಗುತ್ತದೆ. ಟೋಕಿಯೊದಿಂದ ಅಲ್ಲಿಗೆ ಸುಮಾರು ಐದು ಗಂಟೆ. ವಿಮಾನಕ್ಕೆ ಎರಡು ಗಂಟೆ. ಫುಕುವೋಕಾ ವಿಮಾನ ನಿಲ್ದಾಣದಿಂದ ಹಕಾತಾಗೆ ಮೆಟ್ರೊದಲ್ಲಿ ಎರಡೇ ನಿಲುಗಡೆ, ಐದಾರು ನಿಮಿಷ. ಟೋಕಿಯೊದ ಹನೇಡಾ ನಿಲ್ದಾಣವೂ ಊರಿಗೆ ಹತ್ತಿರ. ಹಾಗಾಗಿ ವಿಮಾನ ಸಲೀಸಾಗಿ ಗೆಲ್ಲುತ್ತದೆ. ಅದೇ ಪ್ರಯಾಣಕ್ಕೆ ಟೋಕಿಯೊದಿಂದ 60 ಕಿ.ಮೀ. ಆಚೆಗಿರುವ ನರಿಟಾದಿಂದ ವಿಮಾನ ಹಿಡಿದರೆ ಆ ಲಾಭದಲ್ಲಿ ದೊಡ್ಡ ಪಾಲು ಕರಗಿಹೋಗುತ್ತದೆ.

ನನ್ನ ಲೆಕ್ಕ ಹೀಗೆ: ರೈಲಿನ ಪ್ರಯಾಣ ಮೂರು ಗಂಟೆಯೊಳಗಿದ್ದರೆ ರೈಲು. ಐದು ಗಂಟೆ ದಾಟಿದರೆ ವಿಮಾನ. ಮೂರರಿಂದ ಐದರ ನಡುವೆ ಇದ್ದರೆ ಕಾಗದ ಪೆನ್ನು ತೆಗೆದುಕೊಂಡು ಮೇಲಿನಂತೆ ಕೂಡಿಸಿ. ಹೈಸ್ಪೀಡ್ ಅಲ್ಲದ ರೈಲಾದರೂ ಗಂಟೆಗಳನ್ನೇ ನೋಡಿ, ಕಿಲೋಮೀಟರ್ ಬೇಡ. ರಾತ್ರಿ ರೈಲಿಗೆ ಬೇರೆ ಲೆಕ್ಕ. ಮಲಗುವ ಬರ್ತ್ ಸಿಕ್ಕರೆ ಅದರಲ್ಲಿ ಏಳೆಂಟು ಗಂಟೆ ಹೇಗೂ ನೀವು ನಿದ್ದೆ ಮಾಡುವ ಹೊತ್ತು. ಅದನ್ನು ಪ್ರಯಾಣದ ಖಾತೆಗೆ ಹಾಕಬಾರದು. ಬೆಳಗ್ಗೆ ಆರರ ವಿಮಾನಕ್ಕೆ ರಾತ್ರಿ ಎರಡೂವರೆಗೆ ಏಳುವುದಕ್ಕಿಂತ ಎಷ್ಟೋ ವಾಸಿ.

ಫ್ರಾನ್ಸ್ ಇದನ್ನು ಕಾನೂನಾಗಿಯೇ ಮಾಡಿತು. ಎರಡೂವರೆ ಗಂಟೆಯೊಳಗೆ ರೈಲಿನಲ್ಲಿ ತಲುಪುವ ಅನುಕೂಲ ಇದ್ದಲ್ಲಿ ದೇಶದೊಳಗಿನ ವಿಮಾನ ಬೇಡ ಅಂತ 2023ರ ಮೇ ತಿಂಗಳಲ್ಲಿ ನಿಯಮ ಜಾರಿಗೆ ತಂದಿತು. ಪ್ಯಾರಿಸ್‌ನ ಓರ್ಲಿ ನಿಲ್ದಾಣದಿಂದ ಲಿಯಾನ್, ನಾಂತ್, ಬೋರ್ಡೊಗೆ ಹೋಗುವ ವಿಮಾನಗಳು ಇದರ ಅಡಿ ಬಂದವು. ಹವಾಮಾನದ ಕಾಳಜಿಗಾಗಿ ತಂದ ನಿಯಮ ಇದು. ಹೊತ್ತಿನ ಲೆಕ್ಕದಲ್ಲೂ ಪ್ರಯಾಣಿಕರಿಗೆ ದೊಡ್ಡ ನಷ್ಟ ಇಲ್ಲ ಅನ್ನುವುದು ಮೇಲಿನ ಕೂಡುವಿಕೆಯಲ್ಲೇ ಕಾಣುತ್ತದೆ.

ನಡುವೆ ಸಮುದ್ರ ಇದ್ದರೆ ಮಾತೇ ಬೇರೆ. ದಕ್ಷಿಣ ಕೊರಿಯಾದ ಸೋಲ್ ಮತ್ತು ಜೆಜು ದ್ವೀಪದ ನಡುವೆ ಬರೀ 450 ಕಿ.ಮೀ. ಆದರೂ ಅದು ಜಗತ್ತಿನ ಅತಿ ಹೆಚ್ಚು ಜನ ಓಡಾಡುವ ವಿಮಾನ ದಾರಿ. ದ್ವೀಪಕ್ಕೆ ಹಳಿ ಇಲ್ಲವಲ್ಲ.

ಕಾರಿನ ಬಗ್ಗೆ ಒಂದೇ ಮಾತು: 300 ಕಿ.ಮೀ. ಒಳಗೆ, ಮೂರು ನಾಲ್ಕು ಜನ, ಸಾಮಾನು ಜಾಸ್ತಿ ಇದ್ದರೆ ಬಾಗಿಲಿನಿಂದ ಬಾಗಿಲಿಗೆ ಅದನ್ನು ಮೀರಿಸುವುದು ಕಷ್ಟ.

ನೇರ ವಿಮಾನವೋ, ನಡುವೆ ಬದಲಿಸುವುದೋ?

ಮೊದಲು ಒಂದು ಎಚ್ಚರಿಕೆ. ಟಿಕೆಟ್ ಮೇಲೆ 'ಡೈರೆಕ್ಟ್' ಅಂತ ಇದ್ದರೆ ನಡುವೆ ಎಲ್ಲೂ ಇಳಿಯುವುದಿಲ್ಲ ಅಂತ ಅರ್ಥವಲ್ಲ. ವಿಮಾನದ ನಂಬರು ಬದಲಾಗುವುದಿಲ್ಲ ಅಂತ ಅಷ್ಟೇ. ನಡುವೆ ಒಂದು ಕಡೆ ಇಳಿದು ಗಂಟೆಗಟ್ಟಲೆ ನಿಲ್ಲಬಹುದು. ಎಲ್ಲೂ ಇಳಿಯದ್ದು 'ನಾನ್‌ಸ್ಟಾಪ್'. ಹುಡುಕುವಾಗ ಸ್ಟಾಪ್ 0 ಅಂತ ಇದೆಯೇ ನೋಡಿ.

ನಡುವೆ ಬದಲಿಸುವ ಪ್ರಯಾಣಗಳೆಲ್ಲ ಒಂದೇ ಅಲ್ಲ. ಆ ನಡುವಿನ ಊರು ದಾರಿಯಲ್ಲೇ ಇದೆಯೇ, ಸುತ್ತಿಸುತ್ತದೆಯೇ ಅಂತ ಮೊದಲು ನೋಡಬೇಕು. ಲಂಡನ್‌ನಿಂದ ಸಿಡ್ನಿಗೆ ನೇರ ದೂರ ಸುಮಾರು 17,000 ಕಿ.ಮೀ. ಸಿಂಗಪುರದ ಮೇಲೆ ಹೋದರೆ 10,900 ಮತ್ತು 6,300, ಒಟ್ಟು 17,200. ಸುತ್ತು ಇಲ್ಲವೇ ಇಲ್ಲ ಅನ್ನಬಹುದು. ದುಬೈ ಮೇಲೆ ಹೋದರೂ 17,500ರ ಆಸುಪಾಸು. ಎರಡೂ ಸರಿ. ಈಗ ಜೋಹಾನ್ಸ್‌ಬರ್ಗ್‌ನಿಂದ ಸಾವ್ ಪಾವ್ಲೊಗೆ ನೋಡಿ. ಅಟ್ಲಾಂಟಿಕ್ ದಾಟಿದರೆ ಸುಮಾರು 7,400 ಕಿ.ಮೀ. ದುಬೈ ಮೇಲೆ ಸುತ್ತಿದರೆ 18,600ರ ಹತ್ತಿರ. ಎರಡೂವರೆ ಪಟ್ಟು! ಹುಡುಕಾಟದಲ್ಲಿ ಇಂಥ ದಾರಿಗಳೂ ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತವೆ. ಎರಡು ತುಂಡುಗಳ ದೂರ ಕೂಡಿಸಿ, ನೇರ ದೂರಕ್ಕಿಂತ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ಸುತ್ತು ಬಂದರೆ ಬೇರೆ ಊರು ಹುಡುಕಿ.

ಎರಡನೆಯದು ನಡುವೆ ಸಿಗುವ ಹೊತ್ತು. ದೊಡ್ಡ ನಿಲ್ದಾಣದಲ್ಲಿ, ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಬದಲಿಸುವಾಗ ಒಂದು ಗಂಟೆ ತೀರಾ ಕಡಿಮೆ. ಸಂಸ್ಥೆಗಳು ಅಷ್ಟಕ್ಕೂ ಟಿಕೆಟ್ ಕೊಡುತ್ತವೆ, ನಿಲ್ದಾಣ ನಿಗದಿ ಮಾಡಿದ ಕನಿಷ್ಠ ಹೊತ್ತಿಗಿಂತ ಅದು ಕಡಿಮೆಯೇನಲ್ಲ. ಆದರೂ ಮೊದಲ ವಿಮಾನ ನಲವತ್ತು ನಿಮಿಷ ತಡವಾದರೆ ಕಥೆ ಮುಗಿಯಿತು. ಎರಡರಿಂದ ಮೂರು ಗಂಟೆ ಹಿತ. ಆರೇಳು ಗಂಟೆ ಆದರೆ ಬಾಗಿಲಿನಿಂದ ಬಾಗಿಲಿಗೆ ಲೆಕ್ಕದಲ್ಲಿ ನೇರ ವಿಮಾನದ ಎದುರು ನಿಲ್ಲುವುದಿಲ್ಲ. ಹೊತ್ತು ಕಡಿಮೆ ಇದ್ದೂ ಅದನ್ನೇ ಹಿಡಿಯಬೇಕಾದರೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದು ತಪ್ಪಿದರೆ ಮುಂದಿನದು ಯಾವಾಗ? ಎರಡು ಗಂಟೆಗೊಂದು ವಿಮಾನ ಇರುವ ದಾರಿಯಲ್ಲಿ ಧೈರ್ಯ ಮಾಡಬಹುದು. ದಿನಕ್ಕೊಂದೇ ಇದ್ದರೆ ಬೇಡವೇ ಬೇಡ.

ಅಮೆರಿಕಕ್ಕೆ ಹೋಗುವವರು ಇನ್ನೊಂದು ಗಮನಿಸಬೇಕು. ಅಲ್ಲಿ ಮೊದಲು ಇಳಿಯುವ ಊರಿನಲ್ಲೇ ಇಮಿಗ್ರೇಷನ್ ಮುಗಿಸಬೇಕು. ಸಾಮಾನ್ಯವಾಗಿ ಲಗೇಜನ್ನೂ ಅಲ್ಲೇ ತೆಗೆದುಕೊಂಡು, ಕಸ್ಟಮ್ಸ್ ದಾಟಿ, ಮತ್ತೆ ಒಪ್ಪಿಸಬೇಕು. ಅಲ್ಲಿ ಮೂರು ಗಂಟೆ ಇಟ್ಟುಕೊಳ್ಳಿ. ಇನ್ನು ಒಂದೇ ನಗರದ ಬೇರೆ ಬೇರೆ ನಿಲ್ದಾಣಗಳ ನಡುವೆ ಬದಲಿಸುವ ಟಿಕೆಟ್ ಬಂದರೆ, ಉದಾಹರಣೆಗೆ ನರಿಟಾದಲ್ಲಿ ಇಳಿದು ಹನೇಡಾದಲ್ಲಿ ಹತ್ತುವುದು, ಸುಮ್ನೆ ಮುಂದಿನ ಸಾಲಿಗೆ ಹೋಗಿ. ಎರಡರ ನಡುವೆ ಬಸ್ಸಿನಲ್ಲೇ ಒಂದು ಗಂಟೆಗೂ ಜಾಸ್ತಿ ಹಿಡಿಯುತ್ತದೆ.

ಎರಡು ತುಂಡೂ ಒಂದೇ ಟಿಕೆಟ್‌ನಲ್ಲಿರಲಿ. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಮುಂದಿನ ವಿಮಾನಕ್ಕೆ ಹತ್ತಿಸುವ ಹೊಣೆ ಆಗ ಸಂಸ್ಥೆಯದು. ಬೇರೆ ಬೇರೆ ತೆಗೆದರೆ ಎರಡನೇ ಸಂಸ್ಥೆಗೆ ನೀವು ಬರಲಿಲ್ಲ ಅಷ್ಟೇ, ಯಾಕೆ ಅಂತ ಅವರು ಕೇಳುವುದಿಲ್ಲ.

ನೇರ ದೂರ ನಿಜವಾಗಿ ಕೆಲಸಕ್ಕೆ ಬರುವ ಜಾಗವೂ ಇದೇ. ಯುರೋಪಿಯನ್ ಒಕ್ಕೂಟದಿಂದ ಹೊರಡುವ ವಿಮಾನಗಳು, ಮತ್ತು ಅಲ್ಲಿನ ಸಂಸ್ಥೆಗಳ ವಿಮಾನದಲ್ಲಿ ಒಕ್ಕೂಟಕ್ಕೆ ಬರುವ ಪ್ರಯಾಣಗಳಿಗೆ 261/2004 ಅನ್ನುವ ನಿಯಮ ಇದೆ. ಸಂಸ್ಥೆಯ ಕೈಮೀರಿದ ಕಾರಣ ಇಲ್ಲದೆ ಮೂರು ಗಂಟೆ ಅಥವಾ ಅದಕ್ಕಿಂತ ಹೆಚ್ಚು ತಡವಾಗಿ ತಲುಪಿಸಿದರೆ ಪರಿಹಾರ ಕೊಡಬೇಕು ಅಂತ ಅಲ್ಲಿನ ನ್ಯಾಯಾಲಯ ಹೇಳಿದೆ. 1,500 ಕಿ.ಮೀ. ತನಕ 250 ಯೂರೊ, 1,500ರಿಂದ 3,500ರ ತನಕ 400, ಅದಕ್ಕೂ ಮೀರಿದರೆ 600. ಒಕ್ಕೂಟದ ಒಳಗಿನ ಪ್ರಯಾಣವಾದರೆ 1,500 ದಾಟಿದ ಎಲ್ಲಕ್ಕೂ 400. ಈ ದೂರ ಅಳೆಯುವುದು ಗ್ರೇಟ್ ಸರ್ಕಲ್ ಲೆಕ್ಕದಲ್ಲಿ. ಒಂದೇ ಬುಕಿಂಗ್‌ನಲ್ಲಿ ನಡುವೆ ಬದಲಿಸಿದ್ದರೂ ಹೊರಟ ಊರಿನಿಂದ ಕೊನೆಯ ಊರಿಗೆ ನೇರ ಗೆರೆ, ಸುತ್ತಿದ ದಾರಿ ಲೆಕ್ಕಕ್ಕಿಲ್ಲ.

ಹಾಗಾದರೆ ಯಾವಾಗಲೂ ನೇರ ವಿಮಾನವೇ ವಾಸಿಯೇ? ಹತ್ತು ಹನ್ನೆರಡು ಗಂಟೆಯ ತನಕ ಹೌದು. ಬದಲಿಸುವುದರಿಂದ ಕನಿಷ್ಠ ಮೂರು ಗಂಟೆ ಹೆಚ್ಚಾಗುತ್ತದೆ, ತಪ್ಪುವ ಅಪಾಯವೂ ಸೇರಿಕೊಳ್ಳುತ್ತದೆ. ತೀರಾ ಉದ್ದದ ಪ್ರಯಾಣಕ್ಕೆ ನನ್ನ ಮಾತು ಬೇರೆ. ಆಸ್ಟ್ರೇಲಿಯಾದ ಪರ್ತ್‌ನಿಂದ ಲಂಡನ್‌ಗೆ 2018ರ ಮಾರ್ಚ್‌ನಲ್ಲಿ ಅಲ್ಲಿನ ಕ್ವಾಂಟಾಸ್ ಸಂಸ್ಥೆ ನೇರ ಹಾರಾಟ ಶುರುಮಾಡಿತು, 14,500 ಕಿ.ಮೀ., ಹದಿನೇಳು ಗಂಟೆಯ ಸುಮಾರು. ಸಿಂಗಪುರ–ನ್ಯೂಯಾರ್ಕ್ ಹದಿನೆಂಟು ಗಂಟೆಯನ್ನೂ ಮೀರುತ್ತದೆ. ಕೆಲಸಕ್ಕೆ ಹೋಗುವ, ಆರೋಗ್ಯವಾಗಿರುವ ಒಬ್ಬರಿಗೆ ಇದು ಸರಿ. ವಯಸ್ಸಾದ ತಂದೆ ತಾಯಿ, ಕಾಲು ಊದುವ ತೊಂದರೆ ಇರುವವರು, ಚಿಕ್ಕ ಮಕ್ಕಳು ಜೊತೆಗಿದ್ದರೆ ನಡುವೆ ಇಳಿದು ಮೂರು ನಾಲ್ಕು ಗಂಟೆ ಓಡಾಡುವುದು, ಸಾಧ್ಯವಾದರೆ ಒಂದು ರಾತ್ರಿ ಮಲಗಿ ಹೋಗುವುದು ಒಳ್ಳೆಯದು. ಅವರಿಗೆ ಹೊತ್ತು ಉಳಿಸುವುದಕ್ಕಿಂತ ದೇಹ ದಣಿಯದಂತೆ ತಲುಪುವುದು ಮುಖ್ಯ.

ಯಾವ ನಿಲ್ದಾಣ?

ವಿಮಾನ ನಿಲ್ದಾಣದ ಹೆಸರಿನಲ್ಲಿ ಊರಿನ ಹೆಸರಿದೆ ಅಂದ ಮಾತ್ರಕ್ಕೆ ಅದು ಆ ಊರಿನಲ್ಲಿದೆ ಅಂತ ಅಲ್ಲ. ಫ್ರಾಂಕ್‌ಫರ್ಟ್–ಹಾನ್ ಇರುವುದು ಫ್ರಾಂಕ್‌ಫರ್ಟ್‌ನಿಂದ ಸುಮಾರು 120 ಕಿ.ಮೀ. ಆಚೆ. ಪ್ಯಾರಿಸ್–ಬೋವೆ ಪ್ಯಾರಿಸ್‌ನಿಂದ 80 ಕಿ.ಮೀ. ಮೀರಿ. ಮಿಲಾನ್‌ನಲ್ಲಿ ಲಿನಾಟೆ ಊರಿಗೆ ಏಳೆಂಟು ಕಿ.ಮೀ., ಮಾಲ್ಪೆನ್ಸಾ ಸುಮಾರು 50. ಒಂದು ಗಂಟೆಯ ಹಾರಾಟಕ್ಕೆ ಇಂಥ ನಿಲ್ದಾಣ ಸಿಕ್ಕರೆ, ಇಳಿದ ಮೇಲಿನ ಬಸ್ಸು ಹಾರಾಟಕ್ಕಿಂತ ಹೆಚ್ಚು ಹೊತ್ತು ತಿನ್ನುತ್ತದೆ. ರಾತ್ರಿ ತಡವಾಗಿ ಇಳಿಯುವುದಾದರೆ ಕೊನೆಯ ಬಸ್ಸು, ಕೊನೆಯ ರೈಲು ಎಷ್ಟು ಗಂಟೆಗೆ ಅಂತ ಟಿಕೆಟ್ ತೆಗೆಯುವ ಮುಂಚೆಯೇ ನೋಡಿ. ಹತ್ತು ಗಂಟೆಯ ಉದ್ದ ಪ್ರಯಾಣದಲ್ಲಿ ಇದೇ ವ್ಯತ್ಯಾಸ ಅಷ್ಟಾಗಿ ಕಾಡುವುದಿಲ್ಲ.

ಟಿಕೆಟ್‌ಗೆ ಹಣ ಕಟ್ಟುವ ಮುಂಚೆ

ಎರಡು ಮೂರು ಆಯ್ಕೆಗಳು ಉಳಿದುಕೊಂಡಾಗ ನಾನು ಮಾಡುವ ಕೊನೆಯ ಕೆಲಸ ಒಂದಿದೆ. ಫ್ಲೈಟ್‌ರಾಡಾರ್24, ಫ್ಲೈಟ್‌ಅವೇರ್ ಥರದ ತಾಣಗಳಲ್ಲಿ ಆ ವಿಮಾನದ ನಂಬರು ಹಾಕಿದರೆ ಹಿಂದಿನ ಕೆಲವು ದಿನಗಳ ನಿಜವಾದ ಹೊತ್ತು ಸಿಗುತ್ತದೆ. ಎಷ್ಟಕ್ಕೆ ಹೊರಡಬೇಕಿತ್ತು, ಎಷ್ಟಕ್ಕೆ ಹೊರಟಿತು, ಎಷ್ಟಕ್ಕೆ ಇಳಿಯಿತು, ಯಾವ ದಾರಿಯಲ್ಲಿ ಹಾರಿತು, ಎಲ್ಲಾ ಕಾಣುತ್ತದೆ. ದಿನವೂ ನಲವತ್ತು ನಿಮಿಷ ತಡವಾಗಿ ಹೊರಡುವ ವಿಮಾನವನ್ನು ನಂಬಿ ಐವತ್ತೈದು ನಿಮಿಷದ ಕನೆಕ್ಷನ್ ತೆಗೆಯಬಾರದು. ಒಂದೇ ದಾರಿಯಲ್ಲಿ ಬೆಳಗಿನ ಮೊದಲ ವಿಮಾನ ಮತ್ತು ಸಂಜೆಯ ವಿಮಾನವನ್ನು ಹೀಗೆ ಹೋಲಿಸಿ ನೋಡಿ. ಸಂಜೆಯದರಲ್ಲಿ ತಡ ಜಾಸ್ತಿ ಇರುವುದು ಎಷ್ಟೋ ಕಡೆ ಕಾಣುತ್ತದೆ. ಒಂದೇ ವಿಮಾನ ದಿನವಿಡೀ ನಾಲ್ಕೈದು ಊರು ಸುತ್ತುತ್ತದೆ, ಬೆಳಗ್ಗೆ ಎಲ್ಲೋ ಆದ ತಡ ಸಂಜೆಯ ತನಕ ಬೆಳೆಯುತ್ತಾ ಬರುತ್ತದೆ. ಅಂದೇ ಮುಟ್ಟಲೇಬೇಕಾದ ಕೆಲಸ ಇದ್ದರೆ ಬೆಳಗಿನ ಮೊದಲನೆಯದನ್ನೇ ತೆಗೆಯಿರಿ. ಅದು ರದ್ದಾದರೂ ಹಿಂದೆ ಇನ್ನೂ ಎರಡು ಮೂರು ವಿಮಾನ ಇರುತ್ತವೆ.